ಯಾರು ನೀನು, ಯಾರ ಮನೆಯವನು?

ಪೆನ್ ಡ್ರೈವ್ ಒಂದನ್ನು ಕಂಪ್ಯೂಟರಿನ ಕಿಂಡಿಗೆ ಸಿಕ್ಕಿಸಿದರೆ 'ಟಿಣ್' ಎಂದು ಸದ್ದಾಗುತ್ತದೆ. ಒಂದೆರಡು ಸೆಕೆಂಡುಗಳಲ್ಲಿ ಅದರೊಳಗಿನ ಕಡತಗಳು ತೆರೆಯ ಮೇಲೆ ಬಂದು ನಿಲ್ಲುತ್ತವೆ. ಅದನ್ನು ಕಿತ್ತು ಅದೇ ಕಿಂಡಿಗೆ ಮೌಸ್ ಸಿಕ್ಕಿಸಿದರೆ ತೆರೆಯ ಮೇಲಿನ ಬಾಣ ಓಡಾಡತೊಡಗುತ್ತದೆ. ಮುದ್ರಕವನ್ನು ಸಿಕ್ಕಿಸಿದರೆ ಅದು ಗುರುಗುಟ್ಟಿ ಸಿದ್ಧವಾಗುತ್ತದೆ. ಕಿಂಡಿ ಒಂದೇ, ಒಳಗಿನ ತಂತಿಗಳೂ ಅವೇ. ಹಾಗಿದ್ದರೂ ಬಂದವರು ಯಾರೆಂಬುದು ಯಂತ್ರಕ್ಕೆ ತಿಳಿಯುವುದು ಹೇಗೆ?

ಬಹಳ ಮಂದಿ ಇದನ್ನು ಕಂಪ್ಯೂಟರಿನ ಜಾಣತನ ಎಂದುಕೊಳ್ಳುತ್ತಾರೆ. ಇದು ಜಾಣತನಕ್ಕಿಂತ ಹೆಚ್ಚಾಗಿ ಒಂದು ಶಿಷ್ಟಾಚಾರ. ತನ್ನ ಮೈಯಲ್ಲಿ ಯಾವ ಯಾವ ಅಂಗಗಳಿವೆ ಎಂಬುದು ಕಂಪ್ಯೂಟರಿಗೆ ಹುಟ್ಟಿನಿಂದ ಗೊತ್ತಿರುವುದಿಲ್ಲ. ಪ್ರತಿ ಸಲ ವಿದ್ಯುತ್ ಹರಿದಾಗಲೂ ಅದು ಮೊದಲಿನಿಂದ ಕೇಳಿಕೊಂಡು ಬರಬೇಕು. ಹೀಗೆ ಕೇಳುವ ವಿದ್ಯೆ ಯಂತ್ರಗಳಿಗೆ ಕೈವಶವಾಗಲು ಹಲವು ದಶಕಗಳೇ ಬೇಕಾದವು. ತಪ್ಪಾಗಿ ಕೇಳಿದ್ದರಿಂದ ಯಂತ್ರಗಳೇ ಕೆಟ್ಟುಹೋದ ಪ್ರಸಂಗಗಳೂ ಉಂಟು.

ಬಸ್ಸೂ ಡ್ರೈವರೂ

ಬಸ್, ಡ್ರೈವರ್ ಎಂಬ ಮಾತು ಕಿವಿಗೆ ಬಿದ್ದೊಡನೆ ಕೆಂಪು ಬಣ್ಣದ ಸರ್ಕಾರಿ ವಾಹನ ಕಣ್ಣ ಮುಂದೆ ಬಂದರೆ ಅದೇನೂ ತಪ್ಪಲ್ಲ. 'ಎಲ್ಲರಿಗಾಗಿ' ಎಂಬ ಅರ್ಥದ 'ಆಮ್ನಿಬಸ್' ಎಂಬ ಲ್ಯಾಟಿನ್ ಪದದ ಬಾಲವೇ ಬಸ್. ವಿದ್ಯುತ್ ಕೇಂದ್ರಗಳಲ್ಲಿ ಹಲವು ಮಾರ್ಗಗಳಿಗೆ ಒಟ್ಟಾಗಿ ವಿದ್ಯುತ್ತನ್ನು ಹಂಚುವ ದಪ್ಪ ಲೋಹದ ಪಟ್ಟಿಗೂ 'ಬಸ್ ಬಾರ್' ಎಂದೇ ಹೆಸರು. ಕಂಪ್ಯೂಟರಿನೊಳಗೆ ಸಂಸ್ಕಾರಕದಿಂದ ಹೊರಟು ಹಲವು ಕಾರ್ಡುಗಳನ್ನು ಮುಟ್ಟುವ ತಂತಿಗಳ ಸಾಲು ಕೂಡ ಹೀಗೆ ಎಲ್ಲರಿಗೂ ಸೇರಿದ ದಾರಿ. ವಿಳಾಸ, ದತ್ತಾಂಶ, ಸಂಜ್ಞೆ ಎಲ್ಲವೂ ಈ ದಾರಿಯಲ್ಲೇ ಓಡಾಡಬೇಕು.

ಡ್ರೈವರ್ ಎಂದರೆ ಒಂದೊಂದು ಸಾಧನದ ಭಾಷೆಯನ್ನು ಬಲ್ಲ ಪುಟ್ಟ ತಂತ್ರಾಂಶ. ಧ್ವನಿ ಕಾರ್ಡಿನ ಭಾಷೆ ಜಾಲದ ಕಾರ್ಡಿಗೆ ತಿಳಿಯದು; ಒಂದು ಕಂಪೆನಿಯ ಜಾಲದ ಕಾರ್ಡಿನ ಭಾಷೆ ಇನ್ನೊಂದು ಕಂಪೆನಿಯ ಕಾರ್ಡಿಗೆ ತಿಳಿಯದು. ಆಪರೇಟಿಂಗ್ ಸಿಸ್ಟಂ ಎಂಬ ಯಜಮಾನನ ಬಳಿ ಇಂಥ ದುಭಾಷಿಗಳು ಸಾವಿರಾರು ಮಂದಿ ಇರುತ್ತಾರೆ. ಯಾವ ಸಾಧನಕ್ಕೆ ಯಾವ ದುಭಾಷಿಯನ್ನು ಕಳುಹಿಸಬೇಕು, ಯಾವ ದಾರಿಯಲ್ಲಿ ಕಳುಹಿಸಬೇಕು ಎಂಬುದೇ ಪ್ರಶ್ನೆ. ತಪ್ಪು ದುಭಾಷಿ ಹೋದರೆ ಮಾತು ಕೆಡುತ್ತದೆ. ಕೆಲವೊಮ್ಮೆ ಸಾಧನವೇ ಕೆಡುತ್ತದೆ. ಸರಿಯಾದ ದುಭಾಷಿ ಸಿಗದಿದ್ದರೆ, ಚೆನ್ನಾಗಿ ಕೆಲಸ ಮಾಡಬಲ್ಲ ಸಾಧನವೂ ಗುಜರಿಗೆ ಹೋಗುತ್ತದೆ.

ಗಂಟೆ ಬಾರಿಸಿ ತಿಳಿಯುವುದು

ಮೊದಮೊದಲು ಈ ಪ್ರಶ್ನೆಗೆ ಉತ್ತರ ಹೇಳುತ್ತಿದ್ದುದು ಯಂತ್ರವಲ್ಲ, ಮನುಷ್ಯ. ಇಂಥ ವಿಳಾಸದಲ್ಲಿ ಇಂಥ ಡಿಸ್ಕು, ಇಂಥ ವಿಳಾಸದಲ್ಲಿ ಇಂಥ ಟರ್ಮಿನಲ್ಲು ಎಂದು ಶ್ಯಾನುಭೋಗರ ಲೆಕ್ಕದ ಹಾಗೆ ಪಟ್ಟಿ ಬರೆದು, ಆ ಪಟ್ಟಿಯ ಪ್ರಕಾರ ಆಪರೇಟಿಂಗ್ ಸಿಸ್ಟಮ್ಮಿನ ತಿರುಳನ್ನು ಕಟ್ಟುತ್ತಿದ್ದರು. ಕಾರ್ಡೊಂದು ಜಾಗ ಬದಲಿಸಿದರೆ ತಿರುಳನ್ನೇ ಮತ್ತೆ ಕಟ್ಟಬೇಕು. ಒಂದು ಯಂತ್ರಕ್ಕೆ ಕಟ್ಟಿದ್ದು ಪಕ್ಕದ ಯಂತ್ರಕ್ಕೆ ಒಗ್ಗದು.

1981ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಿಂದ ಹೊರಬಂದ '4.1 ಬಿಎಸ್‌ಡಿ' ಎಂಬ ಯೂನಿಕ್ಸ್ ಆವೃತ್ತಿ ಇಲ್ಲೊಂದು ಹೊಸ ದಾರಿ ತೆರೆಯಿತು. ಅದು ಓಡುತ್ತಿದ್ದುದು ಡಿಜಿಟಲ್ ಕಂಪೆನಿಯ ವ್ಯಾಕ್ಸ್ ಯಂತ್ರಗಳಲ್ಲಿ. ಆ ಯಂತ್ರಗಳಲ್ಲಿ 'ಯೂನಿಬಸ್' ಎಂಬ ಬಸ್ಸಿತ್ತು. ತಿರುಳು ಏಳುವಾಗಲೇ ತನ್ನ ಪಟ್ಟಿಯಲ್ಲಿದ್ದ ಒಂದೊಂದು ವಿಳಾಸವನ್ನೂ ಮುಟ್ಟಿ ನೋಡುತ್ತಿತ್ತು. ಅಲ್ಲಿ ಯಾರೂ ಇಲ್ಲದಿದ್ದರೆ ಯಂತ್ರ ದೋಷದ ಸೂಚನೆ ಕೊಡುತ್ತದೆ. ತಿರುಳು ಅದನ್ನು ಹಿಡಿದುಕೊಂಡು 'ಈ ಮನೆ ಖಾಲಿ' ಎಂದು ಮುಂದೆ ಹೋಗುತ್ತದೆ. ಯಾರೋ ಇದ್ದಾರೆ ಎಂದಾದರೆ ಮುಂದಿನ ಹೆಜ್ಜೆ ಸ್ವಾರಸ್ಯದ್ದು. ಆ ಸಾಧನಕ್ಕೆ ಏನೋ ಒಂದು ಚಿಕ್ಕ ಕೆಲಸ ಹೇಳಿ, ಅದು 'ಕೆಲಸವಾಯಿತು' ಎಂದು ಕರೆಯುವಂತೆ ಮಾಡುವುದು. ಯಾವ ಗಂಟೆ ಬಾರಿಸಿತೋ ಅದೇ ಆ ಸಾಧನದ ಗಂಟೆ ಎಂದು ಗುರುತು ಹಾಕಿಕೊಳ್ಳುವುದು. ಹಳೆಯ ದೊಡ್ಡ ಮನೆಯಲ್ಲಿ ಒಂದೊಂದು ಗುಂಡಿ ಒತ್ತಿ, ಒಳಗೆ ಎಲ್ಲಿ ಸದ್ದಾಗುತ್ತದೆಂದು ಕಿವಿಗೊಟ್ಟ ಹಾಗೆ. ಇದಕ್ಕೆ ಸ್ವಯಂ ಸಂರಚನೆ, ಅಂದರೆ 'ಆಟೋಕಾನ್ಫಿಗರೇಷನ್' ಎಂಬ ಹೆಸರು ಬಂತು.

ಕತ್ತಲಲ್ಲಿ ಕದ ತಟ್ಟಿದವರು

ಅದೇ 1981ರಲ್ಲಿ ಐಬಿಎಂ ಕಂಪೆನಿಯ ಪಿಸಿ ಮಾರುಕಟ್ಟೆಗೆ ಬಂತು. 1984ರ 'ಎಟಿ' ಮಾದರಿಯೊಂದಿಗೆ ಅದರ ಬಸ್ 16 ಬಿಟ್‌ಗಳಿಗೆ ಅಗಲವಾಯಿತು. ಮುಂದೆ ಇದೇ 'ಐಎಸ್‌ಎ' ಎಂದು ಪ್ರಸಿದ್ಧವಾಯಿತು. ಯಾರು ಬೇಕಾದರೂ ಕಾರ್ಡು ಮಾಡಿ ಮಾರಬಹುದಾಗಿದ್ದ ಈ ಬಸ್ಸಿನಿಂದ ಪಿಸಿ ಅಗ್ಗವಾಯಿತು, ಮನೆಮನೆಗೆ ಬಂತು. ಆದರೆ ಅದರಲ್ಲೊಂದು ದೊಡ್ಡ ಕೊರತೆ. 'ನೀನು ಯಾರು?' ಎಂದು ಕಾರ್ಡನ್ನು ಕೇಳುವ ಯಾವ ಕ್ರಮವೂ ಅಲ್ಲಿರಲಿಲ್ಲ.

ಕಾರ್ಡಿನ ವಿಳಾಸವನ್ನೂ ಅದು ಬಾರಿಸಬೇಕಾದ ಗಂಟೆಯನ್ನೂ 'ಜಂಪರ್' ಎಂಬ ಪುಟ್ಟ ಟೋಪಿಗಳನ್ನು ಲೋಹದ ಕಡ್ಡಿಗಳಿಗೆ ತೊಡಿಸಿ ಕೈಯಾರೆ ನಿಗದಿ ಮಾಡಬೇಕಿತ್ತು. ಮೊದಲ ಪಿಸಿಯಲ್ಲಿದ್ದುದು 8 ಗಂಟೆಗಳು. ಎಟಿಯಲ್ಲಿ 16 ಇದ್ದರೂ ಒಂದು ಕೊಂಡಿಯಾಗಿ ಹೋಗಿ ಉಳಿದದ್ದು 15. ಮುದ್ರಕದ 7ನೆಯ ಗಂಟೆಯನ್ನೇ ಧ್ವನಿ ಕಾರ್ಡೂ ಹಿಡಿದರೆ ಜಗಳ ತಪ್ಪಿದ್ದಲ್ಲ. ಆ ಕಾಲದ ಕಂಪ್ಯೂಟರ್ ರಿಪೇರಿಯವರ ಅರ್ಧ ಆಯುಸ್ಸು ಇಂಥ ವ್ಯಾಜ್ಯ ಬಿಡಿಸುವುದರಲ್ಲೇ ಹೋಯಿತು ಎಂದರೆ ಹೆಚ್ಚಲ್ಲ.

ಕೇಳುವ ಕ್ರಮ ಇಲ್ಲದ ಮೇಲೆ ಡ್ರೈವರ್ ಊಹಿಸಬೇಕು. ಉದಾಹರಣೆಗೆ 'ಎನ್‌ಇ2000' ಎಂಬ ಜಾಲದ ಕಾರ್ಡನ್ನು ಹುಡುಕುವ ಡ್ರೈವರ್, ರೂಢಿಯಲ್ಲಿರುವ ನಾಲ್ಕಾರು ವಿಳಾಸಗಳಿಗೆ ಹೋಗಿ ಕದ ತಟ್ಟುತ್ತದೆ. ಅಲ್ಲಿ ಏನಾದರೂ ಉತ್ತರ ಬಂದರೆ ಕಾರ್ಡಿನ ಪುಟ್ಟ ನೆನಪಿನ ಕೋಶವನ್ನು ಓದುತ್ತದೆ. ಅದರ 14 ಮತ್ತು 15ನೆಯ ಸ್ಥಾನಗಳಲ್ಲಿ, ಷೋಡಶಮಾನ ಪದ್ಧತಿಯಲ್ಲಿ ಬರೆದ 57 ಎಂಬ ಸಂಖ್ಯೆ ಇದ್ದರೆ ಇವನೇ ನಮ್ಮವನು ಎಂದು ನಿರ್ಧರಿಸುತ್ತದೆ. ಈ ಕಾರ್ಡಿನ ಅಗ್ಗದ ನಕಲುಗಳು ಬಂದಾಗ ಕೆಲವು ತಯಾರಕರು ಆ 57ನ್ನು ಬರೆಯುವುದನ್ನೇ ಮರೆತರು! ಲಿನಕ್ಸ್‌ನ ಡ್ರೈವರಿನಲ್ಲಿ ಇಂಥವುಗಳಿಗಾಗಿಯೇ 'ಕೆಟ್ಟ ನಕಲುಗಳ ಪಟ್ಟಿ' ಎಂಬ ಹೆಸರಿನ ಪಟ್ಟಿಯೊಂದನ್ನು ಇಟ್ಟರು.

ಅಪಾಯ ಇರುವುದು ಕದ ತಟ್ಟುವುದರಲ್ಲೇ. ಪುಸ್ತಕವನ್ನು ಎಷ್ಟು ಸಲ ಓದಿದರೂ ಅಕ್ಷರ ಬದಲಾಗದು. ಸಾಧನದ ವಿಳಾಸ ಹಾಗಲ್ಲ. ಕೆಲವು ಕಡೆ ಬರೀ ಓದಿದರೂ ಒಳಗಿನ ಸ್ಥಿತಿ ಬದಲಾಗುತ್ತದೆ. ಜಾಲದ ಕಾರ್ಡಿರಬಹುದೆಂದು ತಟ್ಟಿದ ಮನೆಯಲ್ಲಿ ಡಿಸ್ಕ್ ನಿಯಂತ್ರಕವೋ ಮತ್ತೊಂದೋ ಕುಳಿತಿದ್ದರೆ ಅದು ತಬ್ಬಿಬ್ಬಾಗಿ ಇಡೀ ಯಂತ್ರವೇ ಸ್ತಬ್ಧವಾಗಬಹುದು. ಹಾಗಾಗಿ ಯಾವ ಡ್ರೈವರ್ ಮೊದಲು ತಟ್ಟಬೇಕು, ಯಾವುದು ಆಮೇಲೆ ಎಂಬ ಸರದಿಯನ್ನೂ ಅನುಭವದಿಂದಲೇ ಕಲಿಯಬೇಕಾಯಿತು.

ಹೆಸರು ಹೇಳುವ ಬಸ್

1992ರಲ್ಲಿ ಇಂಟೆಲ್ ಕಂಪೆನಿ 'ಪಿಸಿಐ' ಎಂಬ ಬಸ್ಸನ್ನು ಹೊರತಂದಿತು. ಅದು ವೇಗವಾಗಿತ್ತು ಎಂಬುದು ದೊಡ್ಡ ಮಾತಲ್ಲ. ಪಿಸಿಐ ಕಾರ್ಡಾಗಬೇಕಾದರೆ ಮೊದಲು ಹೆಸರು ಹೇಳಲು ಕಲಿತಿರಬೇಕು ಎಂಬ ನಿಯಮ ದೊಡ್ಡದು. ಪ್ರತಿ ಕಾರ್ಡಿನಲ್ಲೂ 256 ಬೈಟುಗಳ ಒಂದು ಪರಿಚಯ ಪತ್ರ. ಅದರ ಮೊದಲ ಎರಡು ಬೈಟುಗಳು ತಯಾರಕರ ಸಂಖ್ಯೆ, ಮುಂದಿನ ಎರಡು ಆ ಮಾದರಿಯ ಸಂಖ್ಯೆ. ತಯಾರಕರ ಸಂಖ್ಯೆಯನ್ನು ಹಂಚಲು ಒಂದು ಸಂಘವೇ ಇದೆ. ಇಂಟೆಲ್ ತನಗೆ ಇಟ್ಟುಕೊಂಡದ್ದು ಷೋಡಶಮಾನದ 8086. 1978ರಲ್ಲಿ ಅದು ತಂದ ಪ್ರಸಿದ್ಧ ಚಿಪ್ಪಿನ ಹೆಸರೇ ಅದು.

ಇಲ್ಲಿ ಕೇಳುವುದರಿಂದ ಯಾರಿಗೂ ತೊಂದರೆಯಿಲ್ಲ. ಒಂದು ಬಸ್ಸಿನಲ್ಲಿ 32 ಸ್ಥಾನಗಳು. ಒಂದೊಂದು ಸ್ಥಾನದಲ್ಲೂ 8ರವರೆಗೆ ಒಳಮನೆಗಳು. ಜನಗಣತಿಯವರ ಹಾಗೆ ಎಲ್ಲ ಮನೆಗಳಿಗೂ ಹೋಗಿ ಮೊದಲ ಬೈಟುಗಳನ್ನು ಓದುವುದು. ಮನೆ ಖಾಲಿ ಇದ್ದರೆ ಎಲ್ಲ ಬಿಟ್‌ಗಳೂ 1 ಆಗಿ ಬರುತ್ತವೆ; ಆ ಸಂಖ್ಯೆಯನ್ನು ಯಾವ ತಯಾರಕರಿಗೂ ಕೊಟ್ಟಿಲ್ಲ.

ಕಾರ್ಡಿಗೆ ಎಷ್ಟು ವಿಳಾಸ ಜಾಗ ಬೇಕು ಎಂದು ತಿಳಿಯುವ ಉಪಾಯವೂ ಅಂದವಾಗಿದೆ. ಅದರ ವಿಳಾಸದ ಮನೆಯಲ್ಲಿ ಎಲ್ಲ ಬಿಟ್‌ಗಳಿಗೂ 1 ಎಂದು ಬರೆದು ಮತ್ತೆ ಓದಬೇಕು. ಕಾರ್ಡು ತನಗೆ ಬೇಡವಾದ ಕೆಳಗಿನ ಬಿಟ್‌ಗಳನ್ನು ಸೊನ್ನೆಯಾಗಿಯೇ ಉಳಿಸಿಕೊಂಡಿರುತ್ತದೆ. 12 ಬಿಟ್‌ಗಳು ಸೊನ್ನೆಯಾಗಿ ಉಳಿದಿದ್ದರೆ ಅದಕ್ಕೆ ಬೇಕಾದದ್ದು 2ರ 12ನೆಯ ಘಾತ, ಅಂದರೆ 4096 ಬೈಟುಗಳ ಜಾಗ. ಮುಂದೆ ಖಾಲಿ ಜಾಗ ನೋಡಿ ನಿವೇಶನ ಹಂಚಿದರಾಯಿತು. ಜಂಪರ್ ಟೋಪಿಗಳ ಕೆಲಸ ಅಲ್ಲಿಗೆ ಮುಗಿಯಿತು.

ಬೇರಿನಿಂದ ಎಲೆಯವರೆಗೆ

ಈಗ ಆಪರೇಟಿಂಗ್ ಸಿಸ್ಟಮ್ಮಿನ ಒಳಗಿನ ಏರ್ಪಾಡನ್ನು ನೋಡಬಹುದು. ಬರ್ಕ್ಲಿಯ ಹಳೆಯ ಸ್ವಯಂ ಸಂರಚನೆಯನ್ನು 4.4 ಬಿಎಸ್‌ಡಿಯಲ್ಲಿ ಸಂಪೂರ್ಣ ಹೊಸದಾಗಿ ಬರೆಯಲಾಯಿತು. ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಯೂನಿಕ್ಸನ್ನು ಸ್ಪಾರ್ಕ್ ಯಂತ್ರಕ್ಕೆ ತರುತ್ತಿದ್ದ ಕ್ರಿಸ್ ಟೊರೆಕ್ ಅದರ ಹಿಂದಿದ್ದ ವ್ಯಕ್ತಿ. 1993ರಲ್ಲಿ ಆರಂಭವಾದ 'ನೆಟ್‌ಬಿಎಸ್‌ಡಿ' ಇದನ್ನೇ ಕೈಗೆತ್ತಿಕೊಂಡು ಬೆಳೆಸಿತು. ಐವತ್ತಕ್ಕೂ ಹೆಚ್ಚು ಬಗೆಯ ಯಂತ್ರಗಳಲ್ಲಿ ಓಡುವ ಈ ವ್ಯವಸ್ಥೆಗೆ ಯಾವ ಯಂತ್ರವನ್ನೂ ಮೊದಲೇ ನಂಬಿಕೊಳ್ಳದ ಚೌಕಟ್ಟೊಂದು ಬೇಕೇ ಬೇಕಿತ್ತು.

ಆ ಚೌಕಟ್ಟಿನ ಮೂಲ ವಿಚಾರ ಇಷ್ಟೇ: ಬಸ್ ಕೂಡ ಒಂದು ಸಾಧನ. ಅದಕ್ಕೂ ಒಬ್ಬ ಡ್ರೈವರ್ ಬೇಕು. ಆದರೆ ಬಸ್ಸಿನ ಡ್ರೈವರಿಗೆ ಒಂದು ಹೆಚ್ಚಿನ ಹೊಣೆ ಇದೆ. ತನ್ನ ಕೆಲಸ ಶುರುವಾದೊಡನೆ ತನ್ನ ಮಕ್ಕಳನ್ನು ಕರೆದು ಪರಿಚಯಿಸಬೇಕು.

ಯಂತ್ರ ಏಳುವಾಗ ತಿರುಳಿಗೆ ಗೊತ್ತಿರುವುದು ಬೇರೊಂದೇ. ಆ ಬೇರಿಗೆ 'ಮೇನ್‌ಬಸ್' ಎಂಬ ಕಲ್ಪಿತ ಬಸ್ಸನ್ನು ಜೋಡಿಸುತ್ತದೆ. ಮೇನ್‌ಬಸ್ ನನ್ನ ಕೆಳಗೆ ಸಂಸ್ಕಾರಕ ಇದೆ, ಪಿಸಿಐ ಇದೆ ಎನ್ನುತ್ತದೆ. ಪಿಸಿಐ ಬಸ್ಸಿನ ಡ್ರೈವರ್ ತನ್ನ 32 ಮನೆಗಳ ಗಣತಿ ಮಾಡಿ ಸಿಕ್ಕವರನ್ನೆಲ್ಲ ಮುಂದೆ ನಿಲ್ಲಿಸುತ್ತದೆ. ಅವರಲ್ಲೊಬ್ಬ ಸೇತುವೆಯಾಗಿದ್ದರೆ ಆ ಸೇತುವೆಯಾಚೆ ಇನ್ನೊಂದು ಪಿಸಿಐ ಬಸ್. ಮತ್ತೆ ಅದೇ ಗಣತಿ. ಹೀಗೆ ಕೊಂಬೆಯಿಂದ ಕೊಂಬೆ ಒಡೆದು ಕೊನೆಗೆ ಎಲೆಗಳವರೆಗೆ ಮರ ಬೆಳೆಯುತ್ತದೆ. ಮರದ ಆಕಾರ ಎಲ್ಲಿಯೂ ಮೊದಲೇ ಬರೆದಿಟ್ಟಿಲ್ಲ.

ಮುಂದೆ ನಿಂತ ಸಾಧನಕ್ಕೆ ಡ್ರೈವರನ್ನು ಆರಿಸುವ ಬಗೆ ಜಾತಕ ಕೂಡಿಸುವುದನ್ನು ಹೋಲುತ್ತದೆ. ಒಂದೊಂದು ಡ್ರೈವರಿನಲ್ಲೂ ಎರಡು ಮುಖ್ಯ ಭಾಗಗಳು: ಹೊಂದಾಣಿಕೆ ನೋಡುವುದು ಒಂದು, ಜೋಡಿಸುವುದು ಇನ್ನೊಂದು. ಬಸ್ ತನ್ನ ಮಗುವಿನ ವಿವರವನ್ನು ಹಿಡಿದು ಎಲ್ಲ ಡ್ರೈವರುಗಳನ್ನೂ ಕೇಳುತ್ತದೆ. ಒಲ್ಲದವರು ಸೊನ್ನೆ ಎನ್ನುತ್ತಾರೆ. ಒಲಿದವರು ಅಂಕ ಕೊಡುತ್ತಾರೆ. ಎಲ್ಲ ಬಗೆಯ ಡಿಸ್ಕ್ ನಿಯಂತ್ರಕಗಳನ್ನೂ ಹೇಗೋ ನಿಭಾಯಿಸಬಲ್ಲ ಸಾಮಾನ್ಯ ಡ್ರೈವರ್ 1 ಎಂದರೆ, ಆ ಮಾದರಿಯನ್ನೇ ಚೆನ್ನಾಗಿ ಬಲ್ಲ ಡ್ರೈವರ್ 2 ಎನ್ನುತ್ತದೆ. ಹೆಚ್ಚು ಅಂಕ ಕೊಟ್ಟವರಿಗೇ ಹೆಣ್ಣು! ಹೊಂದಾಣಿಕೆ ನೋಡುವ ಹಂತದಲ್ಲಿ ಸಾಧನದ ಸ್ಥಿತಿಯನ್ನು ಬದಲಿಸುವಂತಿಲ್ಲ. ಜಾತಕ ನೋಡಲು ಬಂದವರು ತಾಳಿ ಕಟ್ಟಿ ಹೋಗಬಾರದಷ್ಟೆ. ಐಎಸ್‌ಎ ಕಾಲದಲ್ಲಿ ಕದ ತಟ್ಟಿ ಆದ ಅನಾಹುತಗಳಿಂದ ಕಲಿತ ಪಾಠ ಇದು.

ಈ ಮರದಲ್ಲಿ ಹಳೆಯ ಐಎಸ್‌ಎ ಬಸ್ಸಿಗೂ ಜಾಗವುಂಟು. ಪಿಸಿಐನಿಂದ ಐಎಸ್‌ಎಗೆ ಹೋಗುವ ಸೇತುವೆಯೊಂದು ಕಂಡರೆ ನೆಟ್‌ಬಿಎಸ್‌ಡಿ ಅದನ್ನು ಗುರುತು ಹಾಕಿಕೊಳ್ಳುತ್ತದೆ, ಆದರೆ ಕೂಡಲೇ ದಾಟುವುದಿಲ್ಲ. ಪಿಸಿಐನವರೆಲ್ಲ ತಮ್ಮ ತಮ್ಮ ಜಾಗದಲ್ಲಿ ಕುಳಿತ ಮೇಲಷ್ಟೇ ಐಎಸ್‌ಎ ಕಡೆಗೆ ಹೋಗುತ್ತದೆ. ಹೆಸರು ಹೇಳುವವರನ್ನು ಮೊದಲು ವಿಚಾರಿಸಿ, ಊಹಿಸಬೇಕಾದವರನ್ನು ಕೊನೆಗೆ ಇಟ್ಟುಕೊಳ್ಳುವುದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಒಬ್ಬನೇ ದುಭಾಷಿ, ಹಲವು ದಾರಿ

ಈ ಏರ್ಪಾಡಿನ ನಿಜವಾದ ಲಾಭ ಗೊತ್ತಾಗುವುದು ಅದೇ ಎನ್‌ಇ2000 ಕಾರ್ಡಿನ ಕಥೆಯಲ್ಲಿ. ಅದರ ಹೃದಯ ನ್ಯಾಷನಲ್ ಸೆಮಿಕಂಡಕ್ಟರ್ ಕಂಪೆನಿಯ 'ಡಿಪಿ8390' ಎಂಬ ಚಿಪ್ಪು. ತ್ರೀಕಾಮ್ ಕಂಪೆನಿಯ ಒಂದು ಹಳೆಯ ಕಾರ್ಡಿನಲ್ಲೂ ವೆಸ್ಟರ್ನ್ ಡಿಜಿಟಲ್ ಕಂಪೆನಿಯ ಕಾರ್ಡಿನಲ್ಲೂ ಇದ್ದದ್ದು ಅದೇ. ಮುಂದೆ ರಿಯಲ್‌ಟೆಕ್ ಕಂಪೆನಿ '8029' ಎಂಬ ಪಿಸಿಐ ಚಿಪ್ಪಿನಲ್ಲಿ ಅದೇ ಭಾಷೆಯನ್ನು ಉಳಿಸಿಕೊಂಡಿತು. ಲ್ಯಾಪ್‌ಟಾಪುಗಳ ಪಿಸಿಎಂಸಿಐಎ ಕಾರ್ಡುಗಳಲ್ಲೂ ಅದು ಬಂತು.

ಒಂದೊಂದು ಬಸ್ಸಿಗೂ ಬೇರೆ ಡ್ರೈವರ್ ಬರೆಯುತ್ತ ಹೋದರೆ ಒಂದರಲ್ಲಿ ತಿದ್ದಿದ ತಪ್ಪು ಇನ್ನೊಂದರಲ್ಲಿ ಉಳಿದುಹೋಗುತ್ತದೆ. ನೆಟ್‌ಬಿಎಸ್‌ಡಿಯವರು ಡ್ರೈವರನ್ನೇ ಸೀಳಿದರು. ಚಿಪ್ಪಿನ ಭಾಷೆಯನ್ನು ಬಲ್ಲ ಭಾಗ ಒಂದೇ; ಅದಕ್ಕೆ ತಾನು ಯಾವ ಬಸ್ಸಿನ ಮೇಲಿದ್ದೇನೆ ಎಂಬುದು ತಿಳಿಯಬೇಕಾಗಿಲ್ಲ. ಅದರ ಮುಂದೆ ಐಎಸ್‌ಎಗೊಂದು, ಪಿಸಿಐಗೊಂದು, ಪಿಸಿಎಂಸಿಐಎಗೊಂದು ಪುಟ್ಟ ಜೋಡಣೆಯ ತುಂಡು. ಆ ತುಂಡು ತನ್ನ ಬಸ್ಸಿನ ರೀತಿಯಲ್ಲಿ ವಿಳಾಸ ಹುಡುಕಿ, ಗಂಟೆಯನ್ನು ಕಟ್ಟಿ, ಉಳಿದ ಕೆಲಸವನ್ನು ಚಿಪ್ಪು ಬಲ್ಲವನಿಗೆ ಒಪ್ಪಿಸುತ್ತದೆ. ನಾಳೆ ಹೊಸ ಬಸ್ ಬಂದರೆ ಹೊಸ ತುಂಡೊಂದನ್ನು ಬರೆದರೆ ಸಾಕು.

ಯಂತ್ರ ಏಳುವಾಗ ತೆರೆಯ ಮೇಲೆ ಸರಸರನೆ ಓಡುವ ಸಾಲುಗಳು ಹೇಳುವುದೂ ಇದನ್ನೇ. 'ಎನ್‌ಇ0: ಪಿಸಿಐ0ರ ಮೇಲೆ, 3ನೆಯ ಸ್ಥಾನದಲ್ಲಿ' ಎಂಬ ಅರ್ಥದ ಒಂದು ಸಾಲಿನಲ್ಲಿ ಎರಡು ಪ್ರಶ್ನೆಗಳಿಗೆ ಉತ್ತರವಿದೆ: ಯಾರು ನೀನು, ಯಾರ ಮನೆಯವನು? ಲಿನಕ್ಸ್ ಕೂಡ 2003ರ ಡಿಸೆಂಬರಿನಲ್ಲಿ ಬಂದ ತನ್ನ 2.6ನೆಯ ಆವೃತ್ತಿಯಲ್ಲಿ ಬಸ್, ಸಾಧನ, ಡ್ರೈವರ್ ಎಂಬ ಮೂರನ್ನು ಬೇರ್ಪಡಿಸಿ, ಇಡೀ ಮರವನ್ನು ಕಡತಗಳ ರೂಪದಲ್ಲಿ ಯಾರು ಬೇಕಾದರೂ ನೋಡುವಂತೆ ತೆರೆದಿಟ್ಟಿತು.

ಬರುವವರು, ಹೋಗುವವರು

ಪಿಸಿಐ ಕಾರ್ಡು ಹೆಚ್ಚಾಗಿ ಯಂತ್ರ ಆರಿದ್ದಾಗ ಕೂತು, ಆರಿದ್ದಾಗಲೇ ಏಳುತ್ತದೆ. ಯಂತ್ರ ಓಡುತ್ತಿರುವಾಗಲೇ ನೆಂಟರು ಬಂದು ಹೋಗುವ ಅನುಕೂಲ ಮನೆಮನೆಗೆ ತಲುಪಿದ್ದು ಯುಎಸ್‌ಬಿಯಿಂದ. ಏಳು ಕಂಪೆನಿಗಳು ಸೇರಿ ರೂಪಿಸಿದ ಇದರ ಮೊದಲ ಆವೃತ್ತಿ ಬಂದದ್ದು 1996ರ ಜನವರಿಯಲ್ಲಿ. ಇಂಟೆಲ್‌ನಲ್ಲಿ ಇದರ ಮುಂಚೂಣಿಯಲ್ಲಿದ್ದವರು ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಓದಿದ ಅಜಯ್ ಭಟ್.

ಯುಎಸ್‌ಬಿ ಮುಳ್ಳಿನಲ್ಲಿ ವಿದ್ಯುತ್ತಿನ ಪಟ್ಟಿಗಳು ಮಾತಿನ ಪಟ್ಟಿಗಳಿಗಿಂತ ಕೊಂಚ ಉದ್ದ. ಒಳಗೆ ಹೋಗುವಾಗ ಮೊದಲು ಅನ್ನ, ಆಮೇಲೆ ಮಾತು. ಸಾಧನದೊಳಗಿನ 1500 ಓಮ್‌ಗಳ ಒಂದು ರೋಧಕ ಎರಡು ಮಾತಿನ ತಂತಿಗಳಲ್ಲಿ ಒಂದನ್ನು ಮೇಲಕ್ಕೆ ಎಳೆಯುತ್ತದೆ. ಯಾವ ತಂತಿ ಮೇಲೆ ಹೋಯಿತು ಎಂಬುದರಿಂದಲೇ ಬಂದವನು ನಿಧಾನಿಯೋ ಚುರುಕಿನವನೋ ಎಂದು ತಿಳಿಯುತ್ತದೆ. ಲೋಹಕ್ಕೆ ಲೋಹ ತಾಗುವಾಗ ಆಗುವ ಅದುರು ನಿಲ್ಲಲೆಂದು ಯಂತ್ರ ಸೆಕೆಂಡಿನ ಹತ್ತನೆಯ ಒಂದು ಭಾಗ ಕಾಯುತ್ತದೆ. ಆಮೇಲೆ ಸೊನ್ನೆ ಎಂಬ ತಾತ್ಕಾಲಿಕ ವಿಳಾಸದಲ್ಲಿ ಅವನನ್ನು ಮಾತನಾಡಿಸಿ, 1ರಿಂದ 127ರವರೆಗಿನ ಒಂದು ಕಾಯಂ ವಿಳಾಸ ಕೊಟ್ಟು, 18 ಬೈಟುಗಳ ಪರಿಚಯ ಪತ್ರವನ್ನು ಕೇಳುತ್ತದೆ. ಬಂದವನು ಯುಎಸ್‌ಬಿ ಹಬ್ ಆಗಿದ್ದರೆ ಅದು ಕೂಡ ಪುಟ್ಟ ಬಸ್ಸೇ. ಮರಕ್ಕೆ ಇನ್ನೊಂದು ಕೊಂಬೆ.

ಇದು ಮೊದಮೊದಲು ಸುಸೂತ್ರವಾಗಿ ನಡೆಯುತ್ತಿತ್ತೆಂದಲ್ಲ. 1998ರ ಏಪ್ರಿಲ್‌ನಲ್ಲಿ ಷಿಕಾಗೋದ ಕಾಮ್‌ಡೆಕ್ಸ್ ಪ್ರದರ್ಶನದಲ್ಲಿ, ಬಿಲ್ ಗೇಟ್ಸ್ ವೇದಿಕೆಯ ಮೇಲಿರುವಾಗಲೇ, ಇನ್ನೂ ಬಿಡುಗಡೆಯಾಗದ ವಿಂಡೋಸ್ 98ಕ್ಕೆ ಯುಎಸ್‌ಬಿ ಸ್ಕ್ಯಾನರ್ ಜೋಡಿಸಿ ತೋರಿಸಲು ಹೋದಾಗ ತೆರೆ ನೀಲಿಯಾಗಿ ಯಂತ್ರ ಕೈಕೊಟ್ಟಿತು. ಸಭೆ ಗೊಳ್ಳೆಂದಿತು.

ಬಂದವನನ್ನು ಸೇರಿಸಿಕೊಳ್ಳುವುದಕ್ಕಿಂತ ಹೋಗುವವನನ್ನು ಬೀಳ್ಕೊಡುವುದು ಕಷ್ಟ. ಅರ್ಧ ಬರೆದ ಕಡತ ಇರಬಹುದು, ಕಾಯುತ್ತಿರುವ ಪ್ರೋಗ್ರಾಮ್ ಇರಬಹುದು. ಬಿಚ್ಚುವಾಗ ಮೊದಲು ಎಲೆ, ಆಮೇಲೆ ಕೊಂಬೆ. ಹಬ್ಬನ್ನೇ ಕಿತ್ತರೆ ಅದರ ಮೇಲಿನ ಎಲ್ಲರನ್ನೂ ಒಬ್ಬೊಬ್ಬರಾಗಿ ಇಳಿಸಿ ಕೊನೆಗೆ ಹಬ್ಬನ್ನು ಮರದಿಂದ ತೆಗೆಯಬೇಕು. ಪೆನ್ ಡ್ರೈವ್ ಕೀಳುವ ಮುನ್ನ ತೆರೆಯ ಮೇಲೆ ಒಂದು ಮಾತು ಹೇಳಿ ಕೀಳಿರಿ ಎನ್ನುವುದು ಈ ಕಾರಣಕ್ಕೆ.

ಬಾಯಿ ಬಿಡದವರು

ಎಲ್ಲರೂ ಹೆಸರು ಹೇಳುವುದಿಲ್ಲ. ಯಂತ್ರದೊಳಗಿನ ಉಷ್ಣತೆ ಅಳೆಯುವ ಚಿಪ್ಪು, ಬ್ಯಾಟರಿಯ ಮಾಪಕ ಮುಂತಾದ ಚಿಕ್ಕಪುಟ್ಟ ಸಾಧನಗಳು ಎರಡೇ ಎರಡು ತಂತಿಗಳ 'ಐ2ಸಿ' ಎಂಬ ಬಸ್ಸಿನ ಮೇಲೆ ಕುಳಿತಿರುತ್ತವೆ. ಅಲ್ಲಿ 7 ಬಿಟ್‌ಗಳ ವಿಳಾಸವಿದೆ, ಪರಿಚಯ ಪತ್ರವಿಲ್ಲ. ತಟ್ಟಿದರೆ 'ಹೂಂ' ಎನ್ನಬಹುದು, ಯಾರೆಂದು ಹೇಳುವುದಿಲ್ಲ.

2000ದ ಆಸುಪಾಸಿನ ವರ್ಷಗಳಲ್ಲಿ ಲಿನಕ್ಸ್ ಬಳಸುವ ಕೆಲವರು ತಮ್ಮ ಐಬಿಎಂ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪುಗಳಲ್ಲಿ ಉಷ್ಣತೆಯ ಚಿಪ್ಪು ಎಲ್ಲಿದೆ ಎಂದು ಹುಡುಕುವ ಪ್ರೋಗ್ರಾಮನ್ನು ಓಡಿಸಿದರು. ಅದು ವಿಳಾಸದಿಂದ ವಿಳಾಸಕ್ಕೆ ಮೆಲ್ಲಗೆ ತಟ್ಟುತ್ತ ಹೋಯಿತು. ಆ ದಾರಿಯಲ್ಲಿ ಲ್ಯಾಪ್‌ಟಾಪಿನ ಗುರುತಿನ ವಿವರಗಳಿದ್ದ ನೆನಪಿನ ಚಿಪ್ಪೊಂದಿತ್ತು. ಆ ತಟ್ಟುವಿಕೆಯನ್ನು ಅದು ಬೇರೆಯೇ ಅರ್ಥದಲ್ಲಿ ತೆಗೆದುಕೊಂಡು ತನ್ನ ಬರಹವನ್ನು ಕೆಡಿಸಿಕೊಂಡಿತು. ಮರುದಿನ ಲ್ಯಾಪ್‌ಟಾಪ್ ಏಳಲೇ ಇಲ್ಲ. ಬರೀ 'ಯಾರಿದ್ದೀರಿ?' ಎಂದು ಕೇಳಿದ್ದಕ್ಕೆ ತೆತ್ತ ಬೆಲೆ ಅದು. ಆ ಬಳಿಕ ಲಿನಕ್ಸ್‌ನ ಆ ಬಸ್ ಡ್ರೈವರ್, ತಾನಿರುವುದು ಐಬಿಎಂ ಯಂತ್ರದಲ್ಲಿ ಎಂದು ಕಂಡರೆ ಎಚ್ಚರಿಕೆ ಬರೆದು ಕೆಲಸಕ್ಕೆ ಹಾಜರಾಗಲು ಒಪ್ಪದಂತೆ ತಿದ್ದಲಾಯಿತು.

ಮೊಬೈಲ್ ಫೋನುಗಳ ಒಳಗೆ ಇಂಥ ಮಾತನಾಡದ ಸಾಧನಗಳೇ ಹೆಚ್ಚು. ಅಲ್ಲಿ ಹಳೆಯ ಶ್ಯಾನುಭೋಗರ ಪಟ್ಟಿ ಹೊಸ ವೇಷದಲ್ಲಿ ಬಂದಿದೆ. ಯಾವ ಕೊಂಬೆಯ ಮೇಲೆ ಯಾರಿದ್ದಾರೆ ಎಂಬ ಮರದ ನಕ್ಷೆಯನ್ನೇ ಒಂದು ಚಿಕ್ಕ ಕಡತವಾಗಿ ತಿರುಳಿನ ಕೈಗೆ ಕೊಡುತ್ತಾರೆ. 'ಡಿವೈಸ್ ಟ್ರೀ' ಎಂದು ಇದರ ಹೆಸರು. ಸನ್ ಕಂಪೆನಿಯ ಯಂತ್ರಗಳಲ್ಲಿ ಬೆಳೆದ ಈ ಕ್ರಮ 1994ರಲ್ಲಿ ಒಂದು ಮಾನಕವಾಗಿತ್ತು. 2011ರಲ್ಲಿ ಲಿನಕ್ಸ್‌ನ ಕರ್ತೃ ಲೀನಸ್ ಟೊರ್ವಾಲ್ಡ್ಸ್, ಫೋನುಗಳಲ್ಲಿರುವ ಆರ್ಮ್ ಸಂಸ್ಕಾರಕಗಳಿಗಾಗಿ ಒಂದೊಂದು ಹಲಗೆಗೂ ಬೇರೆ ಬೇರೆ ಸಾಲುಗಳನ್ನು ತಿರುಳಿಗೆ ತುರುಕುತ್ತಿದ್ದುದನ್ನು ಕಟುವಾಗಿ ಆಕ್ಷೇಪಿಸಿದ ಮೇಲೆ ಅಲ್ಲಿಯೂ ಈ ಕ್ರಮ ವೇಗವಾಗಿ ಹರಡಿತು. 1981ಕ್ಕೆ ಮೊದಲಿನ ಪಟ್ಟಿಗೂ ಇದಕ್ಕೂ ಇರುವ ವ್ಯತ್ಯಾಸ ಚಿಕ್ಕದಲ್ಲ. ಆಗ ಪಟ್ಟಿ ತಿರುಳಿನ ಒಳಗಿತ್ತು, ಈಗ ಹೊರಗಿದೆ. ತಿರುಳು ಒಂದೇ, ಹಲಗೆಗೆ ತಕ್ಕಂತೆ ನಕ್ಷೆ ಬೇರೆ.

ಹೇಳಿದ್ದನ್ನೆಲ್ಲ ನಂಬಬಹುದೆ?

ಪರಿಚಯ ಪತ್ರದ ಪದ್ಧತಿಯಲ್ಲೂ ಒಂದು ತೊಡಕಿದೆ. ಬಂದವನು ಹೇಳಿದ ಹೆಸರನ್ನು ಯಂತ್ರ ಹಾಗೇ ನಂಬುತ್ತದೆ. 2014ರ ಆಗಸ್ಟಿನಲ್ಲಿ ಅಮೆರಿಕದ ಲಾಸ್ ವೇಗಾಸ್‌ನಲ್ಲಿ ನಡೆದ ಬ್ಲ್ಯಾಕ್ ಹ್ಯಾಟ್ ಸಮ್ಮೇಳನದಲ್ಲಿ ಕಾರ್ಸ್ಟೆನ್ ನೋಲ್ ಮತ್ತು ಯಾಕೋಬ್ ಲೆಲ್ ಎಂಬ ಸಂಶೋಧಕರು ಪೆನ್ ಡ್ರೈವ್ ಒಂದರ ಒಳಗಿನ ಪ್ರೋಗ್ರಾಮನ್ನೇ ಬದಲಿಸಿ, ಅದು 'ನಾನು ಕೀಲಿಮಣೆ' ಎಂದು ಹೇಳುವಂತೆ ಮಾಡಿ ತೋರಿಸಿದರು. ಯಂತ್ರ ಅದಕ್ಕೆ ಕೀಲಿಮಣೆಯ ಡ್ರೈವರನ್ನೇ ಕೊಟ್ಟಿತು. ಆ ಬಳಿಕ ಅದು ಯಾರೋ ಕುಳಿತು ಬೆರಳಚ್ಚು ಮಾಡಿದ ಹಾಗೆ ಆಜ್ಞೆಗಳನ್ನು ಕೊಡತೊಡಗಿತು. ದಾರಿಯಲ್ಲಿ ಸಿಕ್ಕಿದ ಪೆನ್ ಡ್ರೈವನ್ನು ಕಚೇರಿಯ ಯಂತ್ರಕ್ಕೆ ಸಿಕ್ಕಿಸಬಾರದು ಎನ್ನುವುದು ಇದಕ್ಕೇ. ಲಿನಕ್ಸ್‌ನಲ್ಲಿ ಹೊಸ ಯುಎಸ್‌ಬಿ ಸಾಧನಗಳನ್ನು ಯಜಮಾನನ ಅನುಮತಿ ಬರುವವರೆಗೆ ಹೊಸಿಲಲ್ಲೇ ನಿಲ್ಲಿಸುವ ಏರ್ಪಾಡಿದೆ. 2022ರ ಬಳಿಕ ಆಪಲ್‌ನ ಹೊಸ ಲ್ಯಾಪ್‌ಟಾಪುಗಳೂ ಹೀಗೆ ಒಮ್ಮೆ ಕೇಳುತ್ತವೆ.

ಅದೇ 2014ರ ಅಕ್ಟೋಬರಿನಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ಎಫ್‌ಟಿಡಿಐ ಎಂಬ ಕಂಪೆನಿಯ ಯುಎಸ್‌ಬಿ ಚಿಪ್ಪುಗಳಿಗೆ ನಕಲುಗಳು ಬಂದಿದ್ದವು. ವಿಂಡೋಸ್ ಮೂಲಕ ಹಂಚಿಕೆಯಾದ ಆ ಕಂಪೆನಿಯ ಹೊಸ ಡ್ರೈವರ್, ನಕಲಿ ಚಿಪ್ಪು ಸಿಕ್ಕಿದರೆ ಅದರ ಮಾದರಿ ಸಂಖ್ಯೆಯನ್ನೇ ಅಳಿಸಿ ಸೊನ್ನೆ ಬರೆಯುತ್ತಿತ್ತು. ಹೆಸರು ಹೋದ ಚಿಪ್ಪನ್ನು ಯಾವ ಡ್ರೈವರೂ ಕೇಳುವಂತಿಲ್ಲ. ಚಿಪ್ಪು ಸತ್ತಿರಲಿಲ್ಲ, ಹೆಸರಷ್ಟೇ ಹೋಗಿತ್ತು. ಪರಿಣಾಮ ಮಾತ್ರ ಒಂದೇ. ನಕಲು ಎಂದು ಅರಿಯದೆ ಕೊಂಡವರ ಉಪಕರಣಗಳು ಮೂಕವಾದವು. ಗದ್ದಲವೆದ್ದು ಆ ಡ್ರೈವರನ್ನು ಹಿಂತೆಗೆದುಕೊಳ್ಳಲಾಯಿತು. ಇತ್ತ ಲಿನಕ್ಸ್‌ನವರು ತಮ್ಮ ಡ್ರೈವರಿನ ಪಟ್ಟಿಗೆ ಸೊನ್ನೆ ಸಂಖ್ಯೆಯನ್ನೂ ಸೇರಿಸಿಬಿಟ್ಟರು. ಹೆಸರಿಲ್ಲದವನಿಗೂ ಒಂದು ಮನೆ ಸಿಕ್ಕಿತು.

ಹೊಸ ಆಪರೇಟಿಂಗ್ ಸಿಸ್ಟಂ ಹಾಕಿದ ಮೇಲೆ ಹಳೆಯ ಸ್ಕ್ಯಾನರ್ ಕೆಲಸ ಮಾಡುವುದಿಲ್ಲ ಎಂದು ಅಟ್ಟಕ್ಕೆ ಎಸೆಯುವವರು ಗಮನಿಸಬೇಕಾದದ್ದು ಇಲ್ಲಿದೆ. ಎಷ್ಟೋ ಸಲ ಕೆಟ್ಟಿರುವುದು ಸ್ಕ್ಯಾನರ್ ಅಲ್ಲ; ಅದನ್ನು ಹೆಸರು ಹಿಡಿದು ಕರೆಯುವವರು ಇಲ್ಲವಾಗಿದ್ದಾರೆ. ನೆಟ್‌ಬಿಎಸ್‌ಡಿ ಯಂತ್ರ ಏಳುವಾಗ ಗಣತಿಯಲ್ಲಿ ಸಿಕ್ಕಿಯೂ ಯಾವ ಡ್ರೈವರೂ ಒಲಿಯದ ಸಾಧನವನ್ನು ಸುಮ್ಮನೆ ಬಿಡುವುದಿಲ್ಲ, ಊಹೆಯಿಂದ ಯಾರನ್ನೋ ಗಂಟುಹಾಕುವುದೂ ಇಲ್ಲ. ಅದರ ತಯಾರಕರ ಸಂಖ್ಯೆ, ಮಾದರಿ ಸಂಖ್ಯೆ, ಕುಳಿತ ಸ್ಥಾನ ಎಲ್ಲವನ್ನೂ ಬರೆದು, ಕೊನೆಗೆ 'ಜೋಡಣೆಯಾಗಿಲ್ಲ' ಎಂಬ ಅರ್ಥದ ಮಾತು ಸೇರಿಸಿ ಮುಂದೆ ಹೋಗುತ್ತದೆ. ಗೊತ್ತಿಲ್ಲ ಎನ್ನುವುದನ್ನು ಗೊತ್ತಿರುವಷ್ಟು ವಿವರಗಳೊಂದಿಗೆ ಬರೆದಿಡುವ ಆ ಸಾಲು ಬಹಳ ಬೆಲೆಯುಳ್ಳದ್ದು. ಯಾವುದೋ ಊರಿನಲ್ಲಿ ಯಾರೋ ಒಬ್ಬರು ಆ ಸಾಲನ್ನು ಓದಿ, ಆ ಎರಡು ಸಂಖ್ಯೆಗಳನ್ನು ಹಿಡಿದು ಹುಡುಕಿ, ಅದೇ ಭಾಷೆ ಬಲ್ಲ ಹಳೆಯ ಡ್ರೈವರಿನ ಪಟ್ಟಿಗೆ ಒಂದು ಸಾಲು ಸೇರಿಸುತ್ತಾರೆ. ಮರದಲ್ಲಿ ಇನ್ನೊಂದು ಎಲೆ ಚಿಗುರುತ್ತದೆ.